ನಾರ್ಸ್ ಹುರಿ ಈಟಿ: ಕೋಲು ಆರಿಸುವುದರಿಂದ ಎಸೆತ ತಿದ್ದುವವರೆಗೆ

ಎರಡು ಮೀಟರ್ ಉದ್ದದ ಕೋಲು. ಅದರ ನಡುಭಾಗದ ಹತ್ತಿರ ಸುತ್ತಿದ ಎರಡು ಮೊಳ ಹುರಿ. ನೋಡುವುದಕ್ಕೆ ಇಷ್ಟೇ. ಹುರಿ ಸರಿಯಾಗಿ ಕಟ್ಟಿದ್ದರೆ ಆ ಕೋಲು ತನ್ನ ಸುತ್ತ ತಾನೇ ತಿರುಗುತ್ತಾ, ನೇರವಾಗಿ, ಬರಿಗೈ ಎಸೆತಕ್ಕಿಂತ ಎಷ್ಟೋ ದೂರ ಹೋಗುತ್ತದೆ. ತಪ್ಪಾಗಿ ಕಟ್ಟಿದ್ದರೆ ಹತ್ತು ಹೆಜ್ಜೆ ಆಚೆ ಅಡ್ಡಡ್ಡ ಬೀಳುತ್ತದೆ. ಈ ವ್ಯತ್ಯಾಸ ಬರುವುದು ತೋಳಿನ ಬಲದಿಂದಲ್ಲ. ನಾಲ್ಕು ಬೆರಳಗಲದ ಜಾಗದಲ್ಲಿ ಹುರಿ ಎಲ್ಲಿ ಕೂತಿದೆ, ಕೊನೆಯ ಕ್ಷಣದಲ್ಲಿ ಎರಡು ಬೆರಳು ಏನು ಮಾಡಿದವು ಎಂಬುದರಿಂದ. ಬಲಶಾಲಿಗಳು ಸೋತು, ತಾಳ್ಮೆ ಇರುವವರು ಗೆಲ್ಲುವ ಆಯುಧ ಇದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ನಾರ್ಸ್ ಎಂದರೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ಕಡೆಯ ಹಳೆಯ ಜನ. ಅವರ ಬರಹಗಳಲ್ಲಿ ಇಂಥ ಹುರಿ ಕಟ್ಟಿದ ಈಟಿಗೆ ‘ಸ್ನೇರಿಸ್‌ಸ್ಪ್ಯೋತ್’ ಎಂಬ ಹೆಸರಿದೆ. ಹಗುರವಾದ ಸಾದಾ ಎಸೆಯುವ ಈಟಿಗೆ ‘ಗಫ್ಲಾಕ್’ ಎನ್ನುತ್ತಿದ್ದರು. ಕಾವು (ಅಂದರೆ ಈಟಿಯ ಕೋಲು) ಆರಿಸುವುದು, ಮೊಂಡು ಮೊನೆ ಕೂರಿಸುವುದು, ಹುರಿ ಕಟ್ಟುವುದು, ಎಸೆಯುವುದು, ತಪ್ಪಿದ್ದನ್ನು ತಿದ್ದುವುದು, ಹೀಗೆ ಒಂದೊಂದಾಗಿ ನೋಡೋಣ.

ಯಾವ ಈಟಿ, ಯಾರ ಈಟಿ

ಕಡಲು ದಾಟಿ ದಾಳಿ ಮಾಡಿದ ನಾರ್ಸ್ ಜನವೇ ವೈಕಿಂಗರು. ಅವರ ಕಾಲ ಎಂದರೆ ಸುಮಾರಾಗಿ 793ರಿಂದ 1066ರವರೆಗೆ. ಆ ಕಾಲದ ಮಾಮೂಲಿ ಯೋಧನ ಕೈಯಲ್ಲಿ ಇದ್ದದ್ದು ಈಟಿ. ಕತ್ತಿ ದುಬಾರಿ, ಅದಕ್ಕೆ ಕಬ್ಬಿಣ ಜಾಸ್ತಿ ಬೇಕು, ನುರಿತ ಕಮ್ಮಾರ ಬೇಕು. ಈಟಿಗೆ ಒಂದು ಅಲಗು, ಒಂದು ಕೋಲು ಸಾಕು. ದೇವರುಗಳ ದೊರೆ ಓದಿನ್‌ನ ಆಯುಧವೂ ಈಟಿಯೇ. ಅದರ ಹೆಸರು ಗುಂಗ್ನಿರ್.

ಹೊಸದಾಗಿ ಓದುವವರು ಹೆಚ್ಚಾಗಿ ಎಡವುವುದು ಇಲ್ಲಿ: ಎಲ್ಲ ಈಟಿಯೂ ಎಸೆಯುವ ಈಟಿಯಲ್ಲ. ಅಗಲವಾದ, ಉದ್ದವಾದ ಅಲಗಿನ ಈಟಿ ತಿವಿಯುವುದಕ್ಕೆ. ಅಲಗಿನ ಬುಡದಲ್ಲಿ ಕೋಲು ಕೂರುವ ಕೊಳವೆಯ ಎರಡೂ ಕಡೆ ರೆಕ್ಕೆಯಂತೆ ಚಾಚಿದ ಕಬ್ಬಿಣ ಇರುವುದೂ ತಿವಿಯುವುದಕ್ಕೇ. ಎಸೆಯುವ ಈಟಿಯ ಅಲಗು ಚಿಕ್ಕದು, ಕಿರಿದು, ಹಗುರ.

ಈ ಎರಡು ಬಗೆ ಎಷ್ಟು ಹಳೆಯದು ಎಂದು ತಿಳಿಯಲು ಡೆನ್ಮಾರ್ಕಿಗೆ ಹೋಗಬೇಕು. ಯೂಟ್‌ಲಂಡ್‌ನ ಇಲ್ಲೆರುಪ್ ಕಣಿವೆ ಹಿಂದೆ ಒಂದು ಕೆರೆಯಾಗಿತ್ತು. ಸುಮಾರು ಕ್ರಿ.ಶ. 200ರಲ್ಲಿ ಸೋತ ಸೇನೆಯೊಂದರ ಆಯುಧಗಳನ್ನೆಲ್ಲ ಬೇಕಂತಲೇ ಹಾಳುಮಾಡಿ ಆ ನೀರಿಗೆ ಹಾಕಿದರು. 1950ರ ದಶಕದಲ್ಲಿ ಅಗೆತ ಶುರುವಾದಾಗ ಅವೆಲ್ಲ ಕೆಸರಿನೊಳಗೆ ಉಳಿದುಕೊಂಡಿದ್ದವು. ಅಲ್ಲಿ ಸಿಕ್ಕ ಈಟಿಗಳು ಜೋಡಿ ಜೋಡಿಯಾಗಿ ಅರ್ಥವಾಗುತ್ತವೆ: ತಿವಿಯಲು ಅಗಲ ಅಲಗಿನದೊಂದು, ಎಸೆಯಲು ಮುಳ್ಳು ಅಲಗಿನದೊಂದು. ಹಿಂದಕ್ಕೆ ಬಾಗಿದ ಮುಳ್ಳು ಇದ್ದರೆ ಗುರಾಣಿಗೆ ಚುಚ್ಚಿಕೊಂಡ ಈಟಿಯನ್ನು ಕೀಳುವುದು ಕಷ್ಟ. ಎರಡು ಮೀಟರ್ ಕೋಲು ನೇತಾಡುವ ಗುರಾಣಿಯನ್ನು ಎಷ್ಟು ಹೊತ್ತು ಎತ್ತಿ ಹಿಡಿಯಬಹುದು? ವೈಕಿಂಗರ ಕಾಲಕ್ಕೂ ಆರು ಶತಮಾನ ಮೊದಲೇ ಈ ಲೆಕ್ಕಾಚಾರ ನಡೆದಿತ್ತು.

ಎಸೆದ ಈಟಿಗೆ ನಂಬಿಕೆಯ ಒಂದು ಮುಖವೂ ಇತ್ತು. ಕಾಳಗ ಶುರುವಾಗುವ ಮೊದಲು ಶತ್ರುಗಳ ತಲೆಯ ಮೇಲಿಂದ ಒಂದು ಈಟಿ ಎಸೆದರೆ ಆ ಸೇನೆಯನ್ನು ಓದಿನ್‌ಗೆ ಅರ್ಪಿಸಿದಂತೆ. ಸ್ವೀಡನ್ನಿನ ಫ್ಯೂರಿಸ್ವೆಲ್ಲಿರ್ ಕಾಳಗದ ಕಥೆಯಲ್ಲಿ ದೊರೆ ಎರಿಕ್‌ಗೆ ಓದಿನ್ ಒಂದು ಜೊಂಡಿನ ಕಡ್ಡಿ ಕೊಡುತ್ತಾನೆ. ಎರಿಕ್ ಅದನ್ನು ಎಸೆದಾಗ ಅದು ಗಾಳಿಯಲ್ಲಿ ಈಟಿಯಾಗಿ ಶತ್ರುಗಳ ಮೇಲೆ ಹಾರಿ ಹೋಗುತ್ತದೆ. ಎಸೆತದಲ್ಲಿ ಹೆಸರು ಮಾಡಿದ ದೊರೆಯೂ ಇದ್ದಾನೆ. ನಾರ್ವೆಯ ಓಲಾಫ್ ತ್ರಿಗ್ವಸನ್ ಎರಡೂ ಕೈಯಿಂದ ಒಟ್ಟಿಗೇ ಎರಡು ಈಟಿ ಎಸೆಯಬಲ್ಲವನಾಗಿದ್ದ ಎಂದು ಅವನ ಕಥೆ ಹೇಳುತ್ತದೆ.

ಹುರಿ ಮಾಡುವ ಕೆಲಸ

ಬರಿಗೈಯಲ್ಲಿ ಈಟಿ ಎಸೆದಾಗ ಅಂಗೈ ಬಿಟ್ಟ ಕ್ಷಣವೇ ತಳ್ಳುವ ಕೆಲಸ ಮುಗಿಯುತ್ತದೆ. ಹುರಿ ಇದ್ದರೆ ಅಂಗೈ ಬಿಟ್ಟ ಮೇಲೂ ಬೆರಳ ತುದಿ ಹುರಿಯ ಮೂಲಕ ಈಟಿಯನ್ನು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ತೋಳು ಒಂದು ಗೇಣು ಉದ್ದವಾದ ಹಾಗೆ ಲೆಕ್ಕ. ಇದು ಮೊದಲ ಲಾಭ. ಎರಡನೆಯದು ತಿರುಗು. ಬುಗುರಿಗೆ ಸುತ್ತಿದ ಚಾಟಿ ಬಿಚ್ಚಿಕೊಳ್ಳುತ್ತಾ ಅದನ್ನು ತಿರುಗಿಸುವ ಹಾಗೆ, ಕಾವಿಗೆ ಸುತ್ತಿದ ಹುರಿ ಬಿಚ್ಚಿಕೊಳ್ಳುತ್ತಾ ಈಟಿಯನ್ನು ತಿರುಗಿಸುತ್ತದೆ. ತಿರುಗುವ ಈಟಿ ಗಾಳಿಯಲ್ಲಿ ಓಲಾಡುವುದಿಲ್ಲ.

ನಾರ್ಸ್ ಬರಹಗಳು ಈ ಆಯುಧವನ್ನು ಹೆಸರಿಸುತ್ತವೆ, ಎಸೆಯುವ ಪಾಠ ಹೇಳುವುದಿಲ್ಲ. ಹಾಗಾಗಿ ಕೈ ಎಲ್ಲಿಡಬೇಕು, ಹುರಿಯ ತುದಿಯ ಕುಣಿಕೆ ಎಷ್ಟುದ್ದ ಎಂಬುದನ್ನು ಇದೇ ತಂತ್ರವನ್ನು ಚಿತ್ರದಲ್ಲಿ ಬಿಡಿಸಿಟ್ಟವರಿಂದ ಕಲಿಯಬೇಕು. ಅವರು ಹಳೆಯ ಗ್ರೀಕರು. ಅವರ ಆಟಗಾರರು ಹುರಿ ಕಟ್ಟಿದ ಈಟಿಯನ್ನೇ ಎಸೆಯುತ್ತಿದ್ದರು. ಗ್ರೀಕ್ ಮಡಿಕೆಗಳ ಮೇಲಿನ ಚಿತ್ರಗಳಲ್ಲಿ ಒಂದು ಭಂಗಿ ಮತ್ತೆ ಮತ್ತೆ ಬರುತ್ತದೆ. ಆಟಗಾರ ಬಲಗೈಯ ಬೆರಳನ್ನು ಕುಣಿಕೆಗೆ ಹಾಕಿ, ಎಡಗೈಯಿಂದ ಈಟಿಯ ಮುಂತುದಿಯನ್ನು ಹಿಂದಕ್ಕೆ ಒತ್ತುತ್ತಿದ್ದಾನೆ. ಹುರಿ ಬಿಗಿಯಾಗಲಿ ಎಂದು. ಇದೊಂದು ಚಿತ್ರ ನಮಗೆ ಬೇಕಾದ ಮುಖ್ಯ ಸಂಗತಿ ಹೇಳಿಬಿಡುತ್ತದೆ: ಹುರಿ ಕಟ್ಟಿದ ಜಾಗ ಬೆರಳಿಗಿಂತ ಹಿಂದಿರಬೇಕು. ಇಲ್ಲದಿದ್ದರೆ ಈಟಿಯನ್ನು ಹಿಂದಕ್ಕೆ ಒತ್ತಿದಾಗ ಹುರಿ ಬಿಗಿಯಾಗುವುದೇ ಇಲ್ಲ, ಅಲ್ವಾ?

ದೂರ ಎಷ್ಟು ಹೆಚ್ಚುತ್ತದೆ? 19ನೇ ಶತಮಾನದಲ್ಲಿ ಫ್ರಾನ್ಸಿನ ಮೂರನೇ ನೆಪೋಲಿಯನ್ ಇದರ ಪ್ರಯೋಗ ಮಾಡಿಸಿದ್ದ. ಬರಿಗೈಯಲ್ಲಿ 20 ಮೀಟರ್ ಎಸೆಯುತ್ತಿದ್ದವರು ಅಭ್ಯಾಸದ ನಂತರ ಹುರಿಯ ಸಹಾಯದಿಂದ 80 ಮೀಟರ್ ತಲುಪಿದರು ಎಂದು ಅದರ ವರದಿ. ಈ ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. 20 ಮೀಟರ್ ಬಹಳ ಕಡಿಮೆ ಅಂಕಿ, ಬರಿಗೈ ಎಸೆತವೇ ಗೊತ್ತಿಲ್ಲದವರದು, ಹಾಗಾಗಿ ಏರಿಕೆ ದೊಡ್ಡದಾಗಿ ಕಾಣುತ್ತದೆ. ಆದರೂ ಹುರಿ ಸುಮ್ನೆ ಅಲಂಕಾರಕ್ಕಲ್ಲ ಎಂಬುದು ಇದರಿಂದ ಸ್ಪಷ್ಟ.

ಕಾವು

ನಾರ್ಸ್ ಜನ ಈಟಿಯ ಕಾವಿಗೆ ಆರಿಸುತ್ತಿದ್ದದ್ದು ಹೆಚ್ಚಾಗಿ ಆ್ಯಶ್ ಮರ. ಉದ್ದಕ್ಕೆ ನೇರವಾದ ಎಳೆ, ಬಾಗಿದರೆ ಮುರಿಯದೆ ವಾಪಸ್ ಬರುವ ಗುಣ ಅದಕ್ಕಿದೆ. ಯೂರೋಪ್ ಅಥವಾ ಅಮೆರಿಕದಲ್ಲಿರುವವರಿಗೆ ಮರದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಇರುವವರು ಅದಕ್ಕಾಗಿ ಪರದಾಡಬೇಕಿಲ್ಲ. ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರು, ಅಂದರೆ ಲಾಠಿಗೆ ಬಳಸುವಂಥದ್ದು, ಅಭ್ಯಾಸಕ್ಕೆ ಚೆನ್ನಾಗಿ ಒದಗುತ್ತದೆ. ನೋಡಲು ನಾರ್ಸ್ ಅಲ್ಲ, ಆದರೆ ಹಾರುವ ರೀತಿ ಹತ್ತಿರ ಹತ್ತಿರ ಅದೇ.

ಮರ ಆರಿಸುವಾಗ ಒಂದೇ ವಿಷಯದಲ್ಲಿ ಹಠ ಮಾಡಿ. ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಬೇಕು. ಎಳೆ ನಡುವೆ ಓರೆಯಾಗಿ ಕಾವಿನ ಪಕ್ಕಕ್ಕೆ ಹೊರಬಿದ್ದರೆ, ಒಂದಲ್ಲ ಒಂದು ದಿನ ಅಲ್ಲೇ ಸೀಳುತ್ತದೆ. ಕಾವು ಕೈಯಲ್ಲಿ ಇದ್ದಾಗಲೇ ಸೀಳಿದರೆ ಅಂಗೈಗೆ ಚುಚ್ಚುತ್ತದೆ. ಗಂಟು ಇರುವ ಮರ ಬೇಡ. ಬಿದಿರಾದರೆ ಗೆಣ್ಣುಗಳನ್ನು ನಯವಾಗಿ ಉಜ್ಜಿಬಿಡಿ, ಇಲ್ಲದಿದ್ದರೆ ಹುರಿ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಉದ್ದ 2 ಮೀಟರ್. ಮುಂತುದಿಯಲ್ಲಿ 22 ಮಿ.ಮೀ. ದಪ್ಪ, ಹಿಂತುದಿಯಲ್ಲಿ 16ರಿಂದ 18 ಮಿ.ಮೀ. ಹಿಂದಕ್ಕೆ ಹೋದಂತೆ ಸಣ್ಣಗಾಗಬೇಕು, ಆಗ ತೂಕ ಮುಂದಕ್ಕೆ ಸರಿಯುತ್ತದೆ. ಬಡಗಿಯ ಹತ್ತರಿಯಲ್ಲಿ ಮೊದಲು ಚೌಕದ ಪಟ್ಟಿಯನ್ನು ಎಂಟು ಮುಖ ಮಾಡಿ, ಆಮೇಲೆ ದುಂಡಗೆ ಮಾಡಿದರೆ ಕಾವು ಓರೆಯಾಗುವುದಿಲ್ಲ. ಕೊನೆಗೆ ಉಪ್ಪು ಕಾಗದದಿಂದ ಉಜ್ಜಿ, ಅಗಸೆ ಎಣ್ಣೆ ಹಚ್ಚಿ ಒಂದೆರಡು ದಿನ ಒಣಗಿಸಿ. ವಾರ್ನಿಷ್ ಬೇಡ. ಕೈ ಬೆವರಿದಾಗ ವಾರ್ನಿಷ್ ಜಾರುತ್ತದೆ.

ಮೊನೆ ಮತ್ತು ಒಂದು ಮೊಳೆಯ ಕಥೆ

ಅಭ್ಯಾಸಕ್ಕೆ ಹರಿತ ಅಲಗು ಬೇಡವೇ ಬೇಡ. ಭಾರತದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಈಟಿ, ಭರ್ಜಿ, ಜಾವೆಲಿನ್ ಎಲ್ಲವನ್ನೂ ಹರಿತ ಆಯುಧಗಳ ಸಾಲಿನಲ್ಲೇ ಹೆಸರಿಸಿದ್ದಾರೆ. ಕಾನೂನಿನ ಮಾತು ಆಚೆಗಿರಲಿ, ಹುರಿ ಈಟಿ ಮೊದಮೊದಲು ಎಲ್ಲಿ ಬೀಳುತ್ತದೆ ಎಂದು ಎಸೆದವನಿಗೇ ಗೊತ್ತಿರುವುದಿಲ್ಲ.

ಹಾಗಾದರೆ ಮುಂದೆ ತೂಕ ಬರುವುದು ಹೇಗೆ? ಮುಕ್ಕಾಲು ಇಂಚಿನ ಜಿ.ಐ. ಪೈಪಿನ 8 ಸೆಂ.ಮೀ. ತುಂಡು ತನ್ನಿ. ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಕತ್ತರಿಸಿಯೇ ಕೊಡುತ್ತಾರೆ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ಕಾವಿನ ಮುಂತುದಿಯನ್ನು ಅದರೊಳಗೆ ಬಿಗಿಯಾಗಿ ಕೂರುವಷ್ಟು ಮಾತ್ರ ಕೆತ್ತಿ, ತುಂಡನ್ನು ಸುತ್ತಿಗೆಯಿಂದ ನಿಧಾನಕ್ಕೆ ತಟ್ಟಿ ಕೂರಿಸಿ. ಈಗ ಪೈಪು ಮತ್ತು ಮರ ಎರಡನ್ನೂ ಹಾದುಹೋಗುವಂತೆ 3 ಮಿ.ಮೀ. ತೂತು ಕೊರೆದು, ಮೊಳೆ ತೂರಿಸಿ, ಹೊರಗೆ ಉಳಿದ ತುದಿಯನ್ನು ಕತ್ತರಿಸಿ ರಿವೆಟ್ ಹೊಡೆಯಿರಿ. ಅದರ ಮೇಲೆ ಊರುಗೋಲಿನ ರಬ್ಬರ್ ಬುಷ್ ಹಾಕಿ. ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಪೈಪು, ಬುಷ್ ಎರಡೂ ಸೇರಿ ಸುಮಾರು 150 ಗ್ರಾಂ. ಇಡೀ ಈಟಿ 550ರಿಂದ 650 ಗ್ರಾಂ ಒಳಗೆ ಬಂದರೆ ಒಳ್ಳೆಯದು. ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರ ಜಾವೆಲಿನ್ 600 ಗ್ರಾಂ, ಪುರುಷರದ್ದು 800 ಗ್ರಾಂ.

ಈ ಜೋಡಣೆ ಸುಮ್ನೆ ನನ್ನ ಕಲ್ಪನೆಯಲ್ಲ. ನಾರ್ಸ್ ಈಟಿಯ ಅಲಗಿಗೂ ಹಿಂಭಾಗದಲ್ಲಿ ಕೊಳವೆ ಇರುತ್ತಿತ್ತು, ಕಾವು ಅದರೊಳಗೆ ಕೂರುತ್ತಿತ್ತು, ಅಡ್ಡಲಾಗಿ ಒಂದು ಮೊಳೆ ಅದನ್ನು ಹಿಡಿದಿಡುತ್ತಿತ್ತು. ಆ ಮೊಳೆ ಎಷ್ಟು ಮುಖ್ಯ ಎನ್ನಲು ಐಸ್‌ಲ್ಯಾಂಡಿನ ಗ್ರೆತ್ತಿರ್‌ನ ಸಾಗಾದಲ್ಲಿ (ಸಾಗಾ ಎಂದರೆ ಅಲ್ಲಿನ ಹಳೆಯ ವೀರಗಥೆ) ಒಂದು ಪ್ರಸಂಗವಿದೆ. ಗ್ರೆತ್ತಿರ್ ತನ್ನ ಶತ್ರು ಥೋರ್ಬ್ಯೋರ್ನ್‌ನನ್ನು ಹುಲ್ಲುಗಾವಲಲ್ಲಿ ಎದುರಿಸಲು ಹೋಗುತ್ತಾನೆ. ಹೋಗುವ ಮೊದಲು ಈಟಿಯ ಮೊಳೆ ಕಿತ್ತುಬಿಡುತ್ತಾನೆ. ಎಸೆದ ಈಟಿಯನ್ನು ಥೋರ್ಬ್ಯೋರ್ನ್ ತಿರುಗಿ ತನಗೇ ಎಸೆಯಬಾರದು ಎಂದು ಅವನ ಲೆಕ್ಕ. ಅಲಗು ಕಳಚಿಕೊಂಡರೆ ಶತ್ರುವಿಗೆ ಸಿಗುವುದು ಬರೀ ಕೋಲು. ಆದರೆ ಅಲಗು ಗಾಳಿಯಲ್ಲೇ ಸಡಿಲಗೊಂಡು, ಈಟಿ ಗುರಿ ಮುಟ್ಟದೆ ನೆಲಕ್ಕೆ ಬೀಳುತ್ತದೆ. ಆ ಅಲಗು ಮತ್ತೆ ಸಿಕ್ಕಿದ್ದು ಎರಡು ಶತಮಾನಕ್ಕೂ ಜಾಸ್ತಿ ಕಾಲ ಕಳೆದ ಮೇಲೆ, ಜೌಗು ನೆಲದಲ್ಲಿ. ಆ ಜಾಗಕ್ಕೆ ‘ಸ್ಪ್ಯೋತ್ಸ್‌ಮ್ಯೂರ್’, ಅಂದರೆ ಈಟಿ ಜೌಗು, ಎಂಬ ಹೆಸರಾಯಿತು ಎಂದು ಸಾಗಾ ಹೇಳುತ್ತದೆ.

ಹಾಗಾಗಿ ಪ್ರತಿ ಸಲ ಎಸೆಯುವ ಮೊದಲು ಮೊನೆ ಹಿಡಿದು ಅಲ್ಲಾಡಿಸಿ ನೋಡಿ. ಸ್ವಲ್ಪ ಸಡಿಲ ಇದ್ದರೂ ಅವತ್ತು ಎಸೆಯಬೇಡಿ.

ಸಮತೂಕದ ಜಾಗ

ಮೊನೆ ಕೂರಿಸಿದ ಮೇಲೆ ಈಟಿಯನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ಇಡಿ. ಯಾವ ಕಡೆಗೂ ವಾಲದೆ ನಿಲ್ಲುವ ಜಾಗವೇ ಸಮತೂಕದ ಜಾಗ. ಪೆನ್ಸಿಲ್‌ನಿಂದ ಸುತ್ತಲೂ ಗೆರೆ ಹಾಕಿ. ಮೇಲಿನ ಅಳತೆಗೆ ಮಾಡಿದ್ದರೆ ಅದು ಮುಂತುದಿಯಿಂದ 70ರಿಂದ 80 ಸೆಂ.ಮೀ. ಆಸುಪಾಸಿನಲ್ಲಿ ಬರುತ್ತದೆ. ಅದಕ್ಕಿಂತ ಹಿಂದೆ ಬಂದರೆ ಹಿಂತುದಿಯ ಮರವನ್ನು ಇನ್ನಷ್ಟು ಕೆತ್ತಿ.

ಈ ಗೆರೆ ಎಷ್ಟು ದೊಡ್ಡ ವಿಷಯ ಎಂದು ಇವತ್ತಿನ ಕ್ರೀಡೆಯೂ ತೋರಿಸಿದೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ ಜಾವೆಲಿನ್ನನ್ನು 104.80 ಮೀಟರ್ ಎಸೆದ. 1986ರಲ್ಲಿ ಪುರುಷರ ಜಾವೆಲಿನ್ನಿನ ಸಮತೂಕದ ಜಾಗವನ್ನು ಬರೀ 4 ಸೆಂ.ಮೀ. ಮುಂದಕ್ಕೆ ಸರಿಸಿದರು. ಮೂತಿ ಬೇಗ ಕೆಳಗೆ ಬಾಗತೊಡಗಿತು, ದೂರ ಕಡಿಮೆಯಾಯಿತು. ನಾಲ್ಕೇ ಸೆಂಟಿಮೀಟರ್. ನಿಮ್ಮ ಹುರಿಯೂ ಈ ಗೆರೆಯ ಆಚೆ ಈಚೆ ಅಷ್ಟೇ ಸೂಕ್ಷ್ಮವಾಗಿ ವರ್ತಿಸುತ್ತದೆ.

ಹುರಿ ಆರಿಸುವುದು, ಕಟ್ಟುವುದು

ನಾರ್ಸ್ ಜನರಿಗೆ ಅಗಸೆ ನಾರು, ಸೆಣಬು, ತೊಗಲು ಎಲ್ಲವೂ ಗೊತ್ತಿತ್ತು. ಹಡಗಿಗೆ ವಾಲ್ರಸ್ ತೊಗಲಿನ ಹಗ್ಗವನ್ನೂ ಬಳಸುತ್ತಿದ್ದರು. ನಿಮಗೆ ಬೇಕಾದದ್ದು 3ರಿಂದ 4 ಮಿ.ಮೀ. ದಪ್ಪದ, ಹಿಗ್ಗದ ಹುರಿ. ಸೆಣಬು ಅಥವಾ ಗಟ್ಟಿಯಾಗಿ ಹೊಸೆದ ಹತ್ತಿ ಹುರಿ ಆಗಬಹುದು. ತೊಗಲಿನ ಬಾರು ಇನ್ನೂ ಒಳ್ಳೆಯದು, ಬೆರಳಿಗೆ ಹಿತ. ನೈಲಾನ್ ಬೇಡ. ಜಾರುತ್ತದೆ, ಹಿಗ್ಗುತ್ತದೆ, ಬೆರಳು ಕೊಯ್ಯುತ್ತದೆ.

90 ಸೆಂ.ಮೀ. ಕತ್ತರಿಸಿಕೊಳ್ಳಿ. ಒಂದು ತುದಿಯಲ್ಲಿ ತೋರುಬೆರಳು, ನಡುಬೆರಳು ಎರಡೂ ಸಡಿಲವಾಗಿ ಹೋಗುವಷ್ಟು ಕುಣಿಕೆ ಮಾಡಿ, ಸುಮಾರು 8 ಸೆಂ.ಮೀ. ಉದ್ದ. ಕುಣಿಕೆಯ ಗಂಟು ಜಾರುಗಂಟು ಆಗಿರಲೇಬಾರದು. ಜಾರುಗಂಟು ಎಸೆಯುವಾಗ ಬೆರಳನ್ನು ಬಿಗಿದು ಹಿಡಿಯುತ್ತದೆ, ಅರ್ಧ ಕಿಲೋ ಈಟಿ ಅದನ್ನು ಜಗ್ಗುತ್ತದೆ. ಬೆರಳಿನ ಕೀಲು ತಪ್ಪಲು ಅಷ್ಟು ಸಾಕು. ಉಂಗುರ ಹಾಕಿದ್ದರೆ ತೆಗೆದಿಡಿ.

ಇನ್ನೊಂದು ತುದಿಯನ್ನು ಕಾವಿಗೆ ಕಟ್ಟಬೇಕು. ಪೆನ್ಸಿಲ್ ಗೆರೆಗಿಂತ 3 ಸೆಂ.ಮೀ. ಹಿಂದೆ, ಅಂದರೆ ಬಾಲದ ಕಡೆ, ಜಾಗ ಗುರುತಿಸಿ. ಹುರಿಯನ್ನು ಒಂದು ಸುತ್ತು ಹಾಕಿ. ತನ್ನ ಮೇಲೆಯೇ ಅಡ್ಡ ಹಾಯಿಸಿ ಇನ್ನೊಂದು ಸುತ್ತು ಹಾಕಿ. ಎರಡನೇ ಸುತ್ತಿನ ಕೆಳಗೆ ತುದಿ ತೂರಿಸಿ ಬಿಗಿಯಾಗಿ ಎಳೆಯಿರಿ. ಈ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ, ಆದರೂ ಬೇಕೆಂದಾಗ ಸರಿಸಲು ಬರುತ್ತದೆ. ಉಳಿದ ಗಿಡ್ಡ ತುದಿಯನ್ನು ಮೇಣ ಹಚ್ಚಿದ ದಾರದಿಂದ ಕಾವಿಗೆ ಸೇರಿಸಿ ಸುತ್ತಿ. ಅಂಟು, ಮೊಳೆ ಏನೂ ಬೇಡ. ಮುಂದೆ ಇದನ್ನು ಹಲವು ಸಲ ಸರಿಸಬೇಕಾಗುತ್ತದೆ.

ಈಗ ಎಸೆಯುವ ಮೊದಲಿನ ಸುತ್ತು. ಗಂಟಿನಿಂದ ಹೊರಟ ಹುರಿಯನ್ನು ಮೂತಿಯ ಕಡೆಗೆ ಓರೆಯಾಗಿ ಮೂರು ನಾಲ್ಕು ಸುತ್ತು ಹಾಕಿ. ಸುತ್ತುಗಳು ಒಂದರ ಮೇಲೊಂದು ಹತ್ತಬಾರದು, ಪಕ್ಕಪಕ್ಕ ಕೂರಬೇಕು. ಕೊನೆಯಲ್ಲಿ ಕುಣಿಕೆ ಗಂಟಿಗಿಂತ ಸುಮಾರು ಒಂದು ಗೇಣು ಮುಂದೆ ಬಂದು ನಿಲ್ಲಬೇಕು. ಜಾಸ್ತಿ ಮುಂದೆ ಹೋದರೆ ಇನ್ನೊಂದು ಸುತ್ತು ಸೇರಿಸಿ. ಯಾವ ದಿಕ್ಕಿಗೆ ಸುತ್ತಬೇಕು? ನಿಮ್ಮ ಕೈಗೆ ಯಾವುದು ಸಲೀಸೋ ಅದು. ಆದರೆ ಒಮ್ಮೆ ಆರಿಸಿದ ಮೇಲೆ ಯಾವತ್ತೂ ಅದೇ ದಿಕ್ಕು. ದಿಕ್ಕು ಬದಲಾದರೆ ಈಟಿ ತಿರುಗುವುದೂ ಬದಲಾಗುತ್ತದೆ. ಆಗ ನಿನ್ನೆ ಕಲಿತದ್ದು ಇವತ್ತು ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಬಗೆಯೂ ಉಂಟು. ಹುರಿಯ ತುದಿಯನ್ನು ಕಾವಿಗೆ ಕಟ್ಟದೆ, ಸುತ್ತುಗಳ ಕೆಳಗೆ ಸಿಕ್ಕಿಸಿಟ್ಟರೆ ಸಾಕು. ಎಸೆದಾಗ ಅದು ಪೂರ್ತಿ ಬಿಚ್ಚಿಕೊಂಡು ಬೆರಳಲ್ಲೇ ಉಳಿಯುತ್ತದೆ, ಈಟಿ ಮಾತ್ರ ಹೋಗುತ್ತದೆ. ಯೋಧನ ಕಣ್ಣಿನಿಂದ ನೋಡಿದರೆ ಇದರ ಲಾಭ ದೊಡ್ಡದು: ಶತ್ರುವಿಗೆ ಈಟಿ ಸಿಕ್ಕರೂ ಹುರಿ ಸಿಗುವುದಿಲ್ಲ. ಕಲಿಯುವವರಿಗೆ ಮಾತ್ರ ಕಟ್ಟಿದ ಹುರಿಯೇ ಮೇಲು. ಪ್ರತಿ ಎಸೆತವೂ ಒಂದೇ ಜಾಗದಿಂದ ಶುರುವಾದರೆ ತಪ್ಪು ಎಲ್ಲಿದೆ ಎಂದು ಹುಡುಕಬಹುದು.

ಮೈದಾನ

ಎದುರಿಗೆ 60 ಮೀಟರ್, ಎರಡೂ ಪಕ್ಕ 20 ಮೀಟರ್, ಹಿಂದೆ 10 ಮೀಟರ್ ಖಾಲಿ ಇರಲಿ. ಹಿಂದೆ ಯಾಕೆ ಎಂದರೆ, ತೋಳು ಹಿಂದಕ್ಕೆ ಎಳೆದಾಗ ಈಟಿಯ ಬಾಲ ಬೆನ್ನ ಹಿಂದೆ ಒಂದು ಮೀಟರಿಗೂ ಜಾಸ್ತಿ ಚಾಚಿಕೊಂಡಿರುತ್ತದೆ. ಹಿಂದೆ ನಿಂತ ಮಗುವಿನ ಕಣ್ಣಿನ ಎತ್ತರವೂ ಅದೇ ಇರಬಹುದು. ಎಲ್ಲರೂ ಎಸೆದು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ಈಟಿ ತರಬೇಕು. ಒಬ್ಬರು ತರಲು ಹೋದಾಗ ಇನ್ನೊಬ್ಬರ ಕೈಯಲ್ಲಿ ಈಟಿ ಇರಕೂಡದು. ತರುವಾಗ ಮೂತಿ ನೆಲದ ಕಡೆ.

ಹಾರಿ ಬರುವ ಈಟಿಯನ್ನು ಗಾಳಿಯಲ್ಲೇ ಹಿಡಿದು ತಿರುಗಿ ಎಸೆಯುವ ವೀರರು ಸಾಗಾಗಳಲ್ಲಿ ಸಿಗುತ್ತಾರೆ. ಓದಿ ಖುಷಿಪಡಿ, ಮೊಂಡು ಈಟಿಯಲ್ಲೂ ಪ್ರಯತ್ನಿಸಬೇಡಿ.

ಹಿಡಿತ

ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಳ್ಳಿ. ಅಂಗೈ ಮೇಲೆ ಮಾಡಿ ಈಟಿಯನ್ನು ಅದರ ಮೇಲೆ ಮಲಗಿಸಿ. ತೋರುಬೆರಳು, ನಡುಬೆರಳನ್ನು ಕುಣಿಕೆಗೆ ಹಾಕಿ. ಪೂರ್ತಿ ತುರುಕಬೇಡಿ, ಮೊದಲ ಗೆಣ್ಣಿನ ತನಕ ಸಾಕು. ಹೆಬ್ಬೆರಳು ಒಂದು ಪಕ್ಕ, ಉಂಗುರಬೆರಳು ಮತ್ತು ಕಿರುಬೆರಳು ಇನ್ನೊಂದು ಪಕ್ಕ, ಕಾವು ಉರುಳದಂತೆ ಸುಮ್ನೆ ಆಸರೆ ಕೊಡಲಿ. ಈಗ ಎಡಗೈಯನ್ನು ಮೂತಿಯ ಮೇಲಿಟ್ಟು ಹಿಂದಕ್ಕೆ ಒತ್ತಿ. ಗ್ರೀಕ್ ಮಡಿಕೆಯ ಆಟಗಾರ ಮಾಡುವುದೂ ಇದನ್ನೇ. ತೋಳಿನ ಉದ್ದ ಸಾಲದಿದ್ದರೆ ಮೂತಿಯ ಬದಲು ಕಾವನ್ನೇ ಹಿಡಿದು ಹಿಂದಕ್ಕೆ ತಳ್ಳಿ. ಹುರಿ ಬಿಗಿಯಾಗಿ, ಸುತ್ತುಗಳು ಕಾವಿಗೆ ಕಚ್ಚಿಕೊಂಡದ್ದು ಬೆರಳಿಗೆ ಗೊತ್ತಾಗುತ್ತದೆ. ಆ ಬಿಗಿ ಎಸೆತ ಮುಗಿಯುವ ತನಕ ಒಂದು ಕ್ಷಣವೂ ಸಡಿಲವಾಗಬಾರದು. ಸಡಿಲವಾದರೆ ಸುತ್ತು ಜಾರುತ್ತದೆ, ಎಸೆತ ಕೆಟ್ಟಂತೆಯೇ.

ಇವತ್ತಿನ ಜಾವೆಲಿನ್ ಕಲಿತವರಿಗೆ ಇಲ್ಲಿ ಕಷ್ಟವಾಗುತ್ತದೆ. ಆ ಜಾವೆಲಿನ್ನಿಗೂ ನಡುವೆ ಹುರಿ ಸುತ್ತಿರುತ್ತಾರೆ. ಆದರೆ ಅದು ಕೈ ಜಾರದಿರಲು ಮಾತ್ರ, ಕುಣಿಕೆ ಇಲ್ಲ. ಅವರ ಕೈ ಅದನ್ನು ಗಟ್ಟಿಯಾಗಿ ಹಿಡಿದು ಅಭ್ಯಾಸವಾಗಿರುತ್ತದೆ. ಹುರಿ ಈಟಿಯಲ್ಲಿ ಗಟ್ಟಿ ಹಿಡಿದರೆ ಕಾವು ತಿರುಗುವುದೇ ಇಲ್ಲ.

ಎಸೆತ

ಮೊದಲು ಓಟ ಬೇಡ, ಹೆಜ್ಜೆಯೂ ಬೇಡ. ಎಡಗಾಲು ಮುಂದೆ, ಬಲಗಾಲು ಹಿಂದೆ, ಎದೆ ಬಲಕ್ಕೆ ಸ್ವಲ್ಪ ತಿರುಗಿರಲಿ. ತೋಳು ಹಿಂದಕ್ಕೆ, ಕೈ ಕಿವಿಯ ಮಟ್ಟಕ್ಕಿಂತ ಕೆಳಗಿಳಿಯದಿರಲಿ. ಮೂತಿ ಕಣ್ಣಿನ ಪಕ್ಕದಲ್ಲಿ, ಸ್ವಲ್ಪ ಮೇಲೆ ನೋಡುತ್ತಿರಲಿ. ತೂಕವನ್ನು ಬಲಗಾಲಿನಿಂದ ಎಡಗಾಲಿಗೆ ತನ್ನಿ. ಸೊಂಟ ಮೊದಲು ತಿರುಗಬೇಕು, ಆಮೇಲೆ ಭುಜ, ಆಮೇಲೆ ಮೊಣಕೈ, ಕೊನೆಗೆ ಕೈ. ಕೈ ಕಿವಿ ದಾಟುವಾಗ ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳು ಕಾವನ್ನು ಬಿಡುತ್ತವೆ. ಕುಣಿಕೆಯ ಎರಡು ಬೆರಳು ಮಾತ್ರ ಮುಂದಕ್ಕೆ, ಗುರಿಯ ಕಡೆಗೇ, ಎಳೆಯುತ್ತಾ ಹೋಗುತ್ತವೆ. ತೋಳು ಪೂರ್ತಿ ನೆಟ್ಟಗಾದಾಗ ಬೆರಳು ಸಡಿಲ ಬಿಡಿ. ಕುಣಿಕೆ ತಾನಾಗಿಯೇ ಕಳಚುತ್ತದೆ.

ಮೊದಲ ವಾರ 10 ಮೀಟರ್ ದೂರದ ಹುಲ್ಲಿನ ಹೊರೆಗೆ, ಅರ್ಧ ಬಲದಲ್ಲಿ ಮಾತ್ರ. ನೋಡಬೇಕಾದದ್ದು ಗುರಿಯನ್ನಲ್ಲ, ಬಾಲವನ್ನು. ಬಾಲ ಓಲಾಡದೆ ಹೋದರೆ ಈಟಿ ತಿರುಗಿದೆ. ಬಾಲಕ್ಕೆ ಒಂದು ಕಡೆ ಬಣ್ಣದ ಪಟ್ಟಿ ಬಳಿದರೆ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ತಿರುಗುವುದನ್ನು ನೋಡಬಹುದು. ಬಾಲ ಸ್ಥಿರವಾದ ಮೇಲೆಯೇ 15, 20 ಮೀಟರ್. ಆಮೇಲೆ ಮೂರು ಹೆಜ್ಜೆಯ ಎಸೆತ: ಎಡ, ಬಲ, ಎಡ, ಮೂರನೆಯದಕ್ಕೆ ಬಿಡುಗಡೆ. ದೂರಕ್ಕಾದರೆ ಮೂತಿ 30ರಿಂದ 35 ಡಿಗ್ರಿ ಮೇಲಕ್ಕೆ, ಗುರಿಗಾದರೆ ಸುಮಾರು ಮಟ್ಟಸ.

ತಿದ್ದುವುದು

ಮೂತಿ ಮೇಲೆದ್ದು ಈಟಿ ಗಾಳಿಯಲ್ಲಿ ನಿಂತಂತಾಗಿ ಹಿಂಬದಿಯಿಂದ ಬೀಳುತ್ತಿದೆಯೇ? ಗಂಟು ಜಾಸ್ತಿ ಹಿಂದಿದೆ. ಬೆರಳು ಕೊನೆಯಲ್ಲಿ ಸ್ವಲ್ಪ ಕೆಳಮುಖವಾಗಿ ಎಳೆಯುತ್ತದೆ. ಆ ಎಳೆತ ಸಮತೂಕದ ಜಾಗದ ಹಿಂದೆ ಬಿದ್ದರೆ ಬಾಲ ಕೆಳಗಿಳಿದು ಮೂತಿ ಏಳುತ್ತದೆ. ಗಂಟನ್ನು 1 ಸೆಂ.ಮೀ. ಮುಂದಕ್ಕೆ ತನ್ನಿ. ಮೂತಿ ಬೇಗನೆ ನೆಲಕ್ಕೆ ತಿರುಗುತ್ತಿದ್ದರೆ ಉಲ್ಟಾ, 1 ಸೆಂ.ಮೀ. ಹಿಂದಕ್ಕೆ. ಒಂದೇ ಸಲ ಎರಡು ಸಂಗತಿ ಬದಲಿಸಬೇಡಿ. ಒಂದು ಬದಲಾವಣೆ ಮಾಡಿ, ಹತ್ತು ಎಸೆತ ಎಸೆದು ನೋಡಿ, ಆಮೇಲೆ ಮುಂದಿನದು.

ಈಟಿ ಎಡಕ್ಕೆ ಎಳೆಯುತ್ತಿದ್ದರೆ ಬೆರಳು ತಡವಾಗಿ ಬಿಡುತ್ತಿದೆ, ಕೈ ಎದೆಯ ಮುಂದೆ ಅಡ್ಡ ಹಾಯುತ್ತಿದೆ. ಕುಣಿಕೆಯಲ್ಲಿ ಬೆರಳು ಜಾಸ್ತಿ ಒಳಗೆ ಹೋಗಿದೆಯೇ ನೋಡಿ. ಬಾಲ ಓಲಾಡಿದರೆ ಮೊದಲು ಹಿಡಿತ ಸಡಿಲಿಸಿ, ಅದರಿಂದ ಸರಿಹೋಗದಿದ್ದರೆ ಒಂದು ಸುತ್ತು ಸೇರಿಸಿ. ಸುತ್ತು ಹೆಚ್ಚಾದರೆ ಈಟಿ ಚೆನ್ನಾಗಿ ತಿರುಗುತ್ತದೆ, ಆದರೆ ಮುಂದಕ್ಕೆ ಎಳೆಯುವ ಬಲದಲ್ಲಿ ಸ್ವಲ್ಪ ಭಾಗ ಬಿಚ್ಚುವುದಕ್ಕೇ ಖರ್ಚಾಗುತ್ತದೆ. ನನಗೆ ಮೂರೂವರೆ ಸುತ್ತು ಇಷ್ಟ.

ಹುರಿ ಬೆರಳಲ್ಲಿ ಸಿಕ್ಕಿಕೊಂಡು ಈಟಿಯನ್ನು ತಡೆದರೆ ಅವತ್ತಿನ ಅಭ್ಯಾಸ ನಿಲ್ಲಿಸಿ ಕುಣಿಕೆ ದೊಡ್ಡದು ಮಾಡಿ. ಇದೊಂದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಎರಡು ಈಟಿಯ ಅಭ್ಯಾಸ

ಎಸೆತ ಕೈಗೆ ಹತ್ತಿದ ಮೇಲೆ ಇದನ್ನು ನಾರ್ಸ್ ಯುದ್ಧಕಲೆಯೊಳಗೆ ಇಟ್ಟು ನೋಡಿ. ಸುಮಾರು 1250ರಲ್ಲಿ ನಾರ್ವೆಯಲ್ಲಿ ಬರೆದ ‘ಕೊನುಂಗ್ಸ್ ಸ್ಕುಗ್‌ಶಾ’ ಎಂಬ ಪುಸ್ತಕದಲ್ಲಿ ತಂದೆ ಮಗನಿಗೆ ಬುದ್ಧಿ ಹೇಳುತ್ತಾನೆ. ನೆಲದ ಮೇಲೆ ಸಾಲುಗಟ್ಟಿ ಹೋರಾಡುವಾಗ ಎರಡು ಈಟಿ ಇದ್ದರೆ ಮಾತ್ರ ಒಂದನ್ನು ಎಸೆ, ಯಾಕೆಂದರೆ ಅಲ್ಲಿ ಎರಡು ಕತ್ತಿಗಿಂತ ಒಂದು ಈಟಿ ಮೇಲು ಎನ್ನುತ್ತಾನೆ. ಹಡಗಿನ ಮೇಲಾದರೆ ಎಸೆಯದೆ ಉಳಿಸಿಕೊಳ್ಳಲು ಎರಡು ಈಟಿ ಇರಲಿ ಎನ್ನುತ್ತಾನೆ: ಒಂದು ಹಡಗಿನಿಂದ ಹಡಗಿಗೆ ತಲುಪುವಷ್ಟು ಉದ್ದದ್ದು, ಇನ್ನೊಂದು ಶತ್ರುವಿನ ಹಡಗು ಹತ್ತುವಾಗ ಒದಗುವ ಗಿಡ್ಡದ್ದು. ಎಸೆಯುವುದನ್ನು ಇಷ್ಟು ಪ್ರೀತಿಸಿದ ಜನ ಕೈ ಖಾಲಿಯಾಗುವುದಕ್ಕೆ ಅಷ್ಟೇ ಹೆದರುತ್ತಿದ್ದರು.

ಎಸೆದದ್ದು ಹಿಂತಿರುಗಿ ಬರುವ ಭಯವೂ ಇತ್ತು. 991ರಲ್ಲಿ ಇಂಗ್ಲೆಂಡಿನ ಮಾಲ್ಡನ್‌ನಲ್ಲಿ ವೈಕಿಂಗರಿಗೂ ಅಲ್ಲಿನ ಮುಖಂಡ ಬ್ಯುರ್ಹ್ಟ್‌ನೋತ್‌ಗೂ ನಡೆದ ಕಾಳಗದ ಬಗ್ಗೆ ಒಂದು ಹಳೆಯ ಇಂಗ್ಲಿಷ್ ಕವಿತೆ ಇದೆ. ಅದರಲ್ಲಿ ಬ್ಯುರ್ಹ್ಟ್‌ನೋತ್‌ಗೆ ಈಟಿ ನಾಟುತ್ತದೆ. ಪಕ್ಕದಲ್ಲಿದ್ದ ವುಲ್ಫ್‌ಮೇರ್ ಎಂಬ ಹುಡುಗ ರಕ್ತ ಮೆತ್ತಿದ ಆ ಈಟಿಯನ್ನು ಕಿತ್ತು, ಎಸೆದವನಿಗೇ ತಿರುಗಿ ಎಸೆದು ಕೆಡವುತ್ತಾನೆ.

ಹಾಗಾಗಿ ಅಭ್ಯಾಸ ಹೀಗೆ ಮಾಡಿ. ಎಡಗೈಯಲ್ಲಿ ಗುರಾಣಿ. ಗುರಾಣಿ ಹಿಡಿದ ಕೈಯಲ್ಲೇ ಎರಡನೇ ಕೋಲು. ಬಲಗೈಯಲ್ಲಿ ಹುರಿ ಈಟಿ. ಹುರಿ ಮೊದಲೇ ಸುತ್ತಿ ಸಿದ್ಧವಾಗಿರಬೇಕು, ಏಕೆಂದರೆ ಗುರಾಣಿ ಹಿಡಿದ ಕೈಯಿಂದ ಸುತ್ತಲು ಬರುವುದಿಲ್ಲ. ಬಿಗಿ ಮಾಡಲು ಮೂತಿಯನ್ನು ಗುರಾಣಿಯ ಅಂಚಿಗೆ ಒತ್ತಿ. ಮೂರು ಹೆಜ್ಜೆ, ಎಸೆತ, ಕೂಡಲೇ ಎರಡನೇ ಕೋಲನ್ನು ಬಲಗೈಗೆ ತೆಗೆದುಕೊಂಡು ಗುರಾಣಿಯ ಹಿಂದೆ ನಿಲ್ಲುವುದು. ಎಸೆದ ಈಟಿ ಎಲ್ಲಿ ಬಿತ್ತೆಂದು ನೋಡುತ್ತಾ ನಿಲ್ಲುವ ಚಟ ಎಲ್ಲರಿಗೂ ಇರುತ್ತದೆ. ಈ ಅಭ್ಯಾಸದಲ್ಲಿ ಮೊದಲು ಬಿಡಬೇಕಾದದ್ದು ಅದನ್ನು.

ಇಡುವುದು

ಈಟಿಯನ್ನು ಗೋಡೆಗೆ ಒರಗಿಸಿ ಇಡಬೇಡಿ, ಕಾವು ಬಾಗುತ್ತದೆ. ಅಡ್ಡಲಾಗಿ, ಎರಡು ಮೂರು ಕಡೆ ಆಸರೆ ಕೊಟ್ಟು ಇಡಿ. ಮಳೆಗಾಲದಲ್ಲಿ ಹುರಿ ಬಿಚ್ಚಿ ಬೇರೆ ಒಣಗಿಸಿ. ಒದ್ದೆ ಸೆಣಬು ಕುಗ್ಗುತ್ತದೆ, ಒದ್ದೆ ತೊಗಲು ಹಿಗ್ಗುತ್ತದೆ, ಎರಡರಲ್ಲೂ ಅಳತೆ ತಪ್ಪುತ್ತದೆ. ಬಿಚ್ಚುವ ಮೊದಲು ಗಂಟು ಇದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಎಷ್ಟು ಸುತ್ತು ಇತ್ತು ಎಂದು ಕಾವಿನ ಮೇಲೆಯೇ ಬರೆದಿಡಿ. ವರ್ಷಕ್ಕೆರಡು ಸಲ ಅಗಸೆ ಎಣ್ಣೆ ಹಚ್ಚಿ, ಗುರುತು ಅಳಿಸಿದ್ದರೆ ಮತ್ತೆ ಬರೆಯಿರಿ.